ವಾಪಸ್ ಕಳಿಸದ ಒಂದು ಸ್ಟವ್

ನನಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು ಎಂದು ಬರೆದರೆ ಚನ್ನಗಿರಿ ಊರಿನವರು ನಗುತ್ತಾರೆ. ಅವರನ್ನು ಕೇಳಿದರೆ ಅದು ಇದ್ದದ್ದು ನನ್ನ ಬಲಗೈಯಲ್ಲಿ. ಮಾತು ಬಾಯಿಂದ ಹೊರಡುವಷ್ಟರಲ್ಲಿ ಕೈ ಹೋಗಿ ತನ್ನ ಕೆಲಸ ಮುಗಿಸಿ ಬಂದಿರುತ್ತಿತ್ತು. ಬಸ್ಸಿನ ಸೀಟಿಗೆ ನಾನು ಹಾಕಿದ್ದ ಟವೆಲ್ ತೆಗೆದವನಿಗೆ ಹೊಡೆದಿದ್ದೇನೆ, ಸಿನಿಮಾ ಟೆಂಟಿನಲ್ಲಿ ನನ್ನ ಮುಂದೆ ಎದ್ದು ನಿಂತವನಿಗೆ ಹೊಡೆದಿದ್ದೇನೆ, ಸ್ವಂತ ಭಾವನಿಗೆ ಅವನ ಮದುವೆಯ ಊಟದ ಪಂಕ್ತಿಯಲ್ಲೇ ಹೊಡೆದಿದ್ದೇನೆ. ಅದನ್ನೇ ಗಂಡಸುತನ ಎಂದು ತಿಳಿದು ಮೀಸೆ ತಿರುವಿಕೊಂಡು ಓಡಾಡುತ್ತಿದ್ದೆ. ಹೊಡೆಸಿಕೊಂಡವರೆಲ್ಲ ಈಗ ಮರೆತಿರಬಹುದು. ಆ ಕೈಯಿಂದ ಆದ ಒಂದು ಅನಾಹುತವನ್ನು ಮಾತ್ರ ನನಗೆ ಮರೆಯಲು ಆಗಿಲ್ಲ, ಅದನ್ನು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ದಿನಗಳು. ಚನ್ನಗಿರಿ ಪೇಟೆಯ ಒಂದು ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ವಯಸ್ಸು ಇಪ್ಪತ್ತಾರು. ಒಲೆ ಊದಿ ಕಣ್ಣು ಕೆಡಿಸಿಕೊಂಡ ತಾಯಂದಿರೆಲ್ಲ ಮಗಳಿಗಾದರೂ ಆ ಗೋಳು ಬೇಡ ಎಂದು ಹಿತ್ತಾಳೆಯ ಪಂಪ್ ಸ್ಟವ್ ಕೊಡಿಸುತ್ತಿದ್ದ ಕಾಲ ಅದು. ಸೀಮೆಎಣ್ಣೆ ತುಂಬಿ, ಪಂಪು ಹೊಡೆದರೆ ಬುಸ್ಸೆಂದು ನೀಲಿ ಉರಿ ಏಳುತ್ತಿತ್ತು. ಮದುವೆಯ ದಿನಗಳಲ್ಲಿ ತಂದಿಟ್ಟ ಸ್ಟವ್‌ಗಳು ಧೂಳು ಕೂರುವ ಮೊದಲೇ ಖಾಲಿಯಾಗುತ್ತಿದ್ದವು.

ತವರಿನಿಂದ ಕೊಡುವ ಪಾತ್ರೆಗೆ ಹೆಸರು ಹಾಕಿಸದೆ ಯಾರೂ ಅಂಗಡಿ ಬಿಟ್ಟು ಇಳಿಯುತ್ತಿರಲಿಲ್ಲ. ಕೊಟ್ಟವರ ಹೆಸರು, ಪಡೆದವಳ ಹೆಸರು, ಅವಳು ಹೋಗುವ ಊರು. ಗಿರಾಕಿ ಇವನ್ನು ಒಂದು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ನಾನು ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಬಡಿದು ಅಕ್ಷರ ಕೂರಿಸುತ್ತಿದ್ದೆ. ಇಷ್ಟು ಒರಟನಾದವನ ಕೈಯಲ್ಲಿ ಅಷ್ಟು ಮುದ್ದಾದ ಅಕ್ಷರ ಹೇಗೆ ಬರುತ್ತದೆ ಎಂದು ಯಜಮಾನರು ಗಿರಾಕಿಗಳ ಎದುರಿಗೇ ಆಡಿಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ಚೀಟಿಯನ್ನು ಗೋಡೆಯ ತಂತಿಗೆ ಚುಚ್ಚುತ್ತಿದ್ದೆ. ನಾಳೆ ಹೆಸರು ತಪ್ಪಾಗಿದೆ ಎಂದು ಜಗಳಕ್ಕೆ ಬಂದರೆ ಚೀಟಿ ತೆಗೆದು ಮುಖಕ್ಕೆ ಹಿಡಿಯಬಹುದಲ್ಲ.

ಒಂದು ದಿನ ಕಂಪನಿಯಿಂದ ರಿಜಿಸ್ಟರ್ ಪತ್ರ ಬಂತು. ತಳದಲ್ಲಿ ಇಂಥ ನಂಬರಿನ ಮುದ್ರೆ ಇರುವ ಸ್ಟವ್‌ಗಳ ಟ್ಯಾಂಕಿನ ಬೆಸುಗೆ ಸರಿಯಾಗಿಲ್ಲ, ಪಂಪು ಜಾಸ್ತಿ ಹೊಡೆದರೆ ತಳ ಬಿಡಬಹುದು, ಮಾರಿದ್ದನ್ನೆಲ್ಲ ವಾಪಸ್ ತರಿಸಿ ಹೊಸದು ಕೊಡಿ, ಹಳೆಯದನ್ನು ಜಜ್ಜಿ ನಂಬರಿನ ತುಂಡು ಕತ್ತರಿಸಿ ನಮಗೆ ಕಳಿಸಿ ಎಂದಿತ್ತು. ಅಲ್ಲಿಯವರೆಗೆ ನಾವು ಕೊಟ್ಟ ಮಾಲು ವಾಪಸ್ ಬರುವುದನ್ನು ಕಂಡಿದ್ದೆವು, ನಾವೇ ಮನೆಬಾಗಿಲಿಗೆ ಹೋಗಿ ವಾಪಸ್ ಕೇಳುವುದನ್ನು ಕಂಡಿರಲಿಲ್ಲ. ಯಜಮಾನರು ಪತ್ರವನ್ನು ಎರಡು ಸಲ ಓದಿ, ಗೋಡೆಯ ತಂತಿ ನೋಡಿದರು. ಯಾವ ಸ್ಟವ್ ಯಾವ ಊರಿಗೆ ಹೋಗಿದೆ ಎಂದು ಹೇಳಬಲ್ಲದ್ದು ಆ ಚೀಟಿಗಳು ಮಾತ್ರ.

"ನೀನೇ ಹೋಗಬೇಕಪ್ಪ," ಎಂದರು. "ಹೆಸರು ಕೆತ್ತಿದ ಕೈ ನಿಂದೇ ಅಲ್ವಾ."

ಹೀಗೆ ನಾನು ಹೊಸ ಸ್ಟವ್‌ಗಳ ಡಬ್ಬ, ಖಾಲಿ ಗೋಣಿಚೀಲ, ಉಳಿ ಸುತ್ತಿಗೆ ಹೊತ್ತು ಬಸ್ಸು ಹತ್ತಿದೆ. ಮೊದಲು ಹೊನ್ನಾಳಿ. ಹೊಸ ಸ್ಟವ್ ಕೊಡುತ್ತೇನೆ ಎಂದರೆ ಜನ ಕುಣಿದುಕೊಂಡು ಬರುತ್ತಾರೆ ಎಂದುಕೊಂಡಿದ್ದೆ. ಒಬ್ಬಳೂ ಕೊಡಲಿಲ್ಲ. ತವರಿನ ಹೆಸರಿರುವ ಪಾತ್ರೆಯನ್ನು ಹೊಸ್ತಿಲಾಚೆ ಕೊಡುವುದು ತವರನ್ನೇ ಕಳಿಸಿಕೊಟ್ಟ ಹಾಗೆ. ಹೊನ್ನಾಳಿಯ ಮಾರಿಕೊಪ್ಪದ ದಾರಿಯ ಮನೆಯೊಂದರಲ್ಲಿ ಒಬ್ಬ ಹೆಂಗಸು, ಅದೇ ನಂಬರಿನದಲ್ಲದ ಯಾವುದೋ ತುಕ್ಕು ಹಿಡಿದ ಹಳೇ ಸ್ಟವ್ ತಂದು ನನ್ನ ಚೀಲಕ್ಕೆ ಹಾಕಿ ಹೊಸದಕ್ಕೆ ಕೈ ನೀಡಿದಳು. ತನ್ನದನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದಳು. ನಾನು ಅಟ್ಟ ಹತ್ತಿ ಅದನ್ನು ಎಳೆದೆ. ಅವಳು ಕಬ್ಬಿಣದ ಸೌಟಿನಿಂದ ನನ್ನ ಮೊಣಕಾಲ ಮೇಲೆ ಕೊಟ್ಟಳು ನೋಡಿ, ಏಣಿಯ ಸಮೇತ ಕೆಳಗೆ ಬಂದೆ. ಹೆಂಗಸಿನ ಮೇಲೆ ಕೈ ಮಾಡುವ ಹಾಗಿಲ್ಲ. ಪಿತ್ತ ನೆತ್ತಿಗೇರಿ ಅವಳ ಮನೆಯ ಗಡಿಗೆಯೊಂದನ್ನು ಒದ್ದು ಒಡೆದೆ.

ಆಮೇಲೆ ಒಂದು ದಾರಿ ಹೊಳೆಯಿತು. ಹೊಸ ಸ್ಟವ್ ಮೇಲೆ ಅವರ ಕಣ್ಣೆದುರಿಗೇ, ಅವರ ಜಗುಲಿಯ ಮೇಲೇ ಕೂತು ಅದೇ ಹೆಸರನ್ನು ಅದೇ ಜಾಗದಲ್ಲಿ ಬಡಿದುಕೊಟ್ಟೆ. ಹೆಸರು ಕೂತ ಮೇಲೆ ಹಳೆಯದು ಕೈಬಿಟ್ಟರು. ಮೊಣಕಾಲಿಗೆ ಹೊಡೆದವಳೂ ಕೊಟ್ಟಳು, ಕಾಫಿಯನ್ನೂ ಕೊಟ್ಟಳು.

ನ್ಯಾಮತಿಯಲ್ಲಿ ಒಬ್ಬರು ಟೀ ಅಂಗಡಿಯವರ ಬಳಿ, ಹೆಂಡತಿಯ ತವರಿನಿಂದ ಬಂದ ಆ ನಂಬರಿನದು ಒಂದಿತ್ತು. ನಾನು ಹೋದಾಗ ಹಾಲು ಕಾಯಲಿಟ್ಟಿದ್ದರು. ಇಳಿಸಿ ಕೊಡಿ ಎಂದೆ. "ಇದೊಂದು ಕುದಿ ಬರ್ಲಿ ತಡೀರಿ, ಗಿರಾಕಿ ಕುಂತಾರೆ," ಎಂದರು. ಉರಿ ಸಣ್ಣಗಾಗಿತ್ತು. ಅವರು ಬಗ್ಗಿ ನಾಲ್ಕು ಸಲ ಪಂಪು ಹೊಡೆದರು. ಐದನೆಯದಕ್ಕೆ ಟ್ಯಾಂಕಿನ ತಳ ಬಿಟ್ಟಿತು. ಸದ್ದು ಪಟಾಕಿಯಷ್ಟೇ, ಆದರೆ ಉರಿಯುವ ಎಣ್ಣೆ ಅವರ ಮುಖ, ಎದೆ, ಎರಡೂ ಕೈಗೆ ಎರಚಿತು. ಅವರು ಕೂಗಲಿಲ್ಲ, ಬೀದಿಗೆ ಓಡಿದರು. ನಾನು ಹಿಂದೆ ಓಡಿ ಕಾಲು ಕೊಟ್ಟು ಕೆಡವಿ, ಗೋಣಿಚೀಲ ಮುಚ್ಚಿ, ಅದರ ಮೇಲೆ ಮೈಚೆಲ್ಲಿ ಬಿದ್ದೆ. ಚರ್ಮ ಸುಟ್ಟ ವಾಸನೆ, ಹಾಲು ಸೀದ ವಾಸನೆ ಎರಡೂ ಒಟ್ಟಿಗೆ ಬಂದವು. ಇವತ್ತಿಗೂ ಹಾಲು ಸೀದರೆ ನಾನು ಮನೆಯಿಂದ ಹೊರಗೆ ಹೋಗುತ್ತೇನೆ. ಅವರ ಜೀವ ಉಳಿಯಿತು, ಬಲಗಣ್ಣು ಹೋಯಿತು.

ಆ ಒಡೆದ ಟ್ಯಾಂಕಿನ ನಂಬರಿನ ತುಂಡು ಮಾತ್ರ ಕತ್ತರಿಸಿ, ಜಜ್ಜದೆ ಅಂಗಡಿಯಲ್ಲೇ ಇಟ್ಟೆ. ಅದನ್ನು ಎತ್ತಿಕೊಂಡು ನೋಡಿದ್ದು ನೆನಪಿದೆ. ಒಳಗಿನಿಂದ ಯಾರೋ ಒದ್ದ ಹಾಗೆ ತಳ ಹೊರಕ್ಕೆ ಉಬ್ಬಿ, ಬೆಸುಗೆಯ ಅಂಚೆಲ್ಲ ಹೊರಕ್ಕೆ ಮಡಚಿಕೊಂಡಿತ್ತು. ನನ್ನ ಕೈಯಲ್ಲಿ ಜಜ್ಜಿಸಿಕೊಂಡವು ಹಾಗಿರುತ್ತಿರಲಿಲ್ಲ. ಅಂಗಡಿಯ ಹಿತ್ತಲಲ್ಲಿ ಕಲ್ಲಿನ ಮೇಲಿಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತಿದ್ದೆ. ಅಂಚು, ತಳ, ಹೊಟ್ಟೆ ಎಲ್ಲ ಒಳಕ್ಕೇ ಹೋಗುತ್ತಿದ್ದವು. ಆ ಕೆಲಸ ನನಗೆ ಬಹಳ ಇಷ್ಟವಾಗಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆ. ನ್ಯಾಮತಿಯಿಂದ ಬಂದ ಮೇಲಂತೂ ಒಂದೊಂದು ಸ್ಟವ್‌ಗೂ ಬೈದು ಬೈದು ಹೊಡೆದೆ.

ಕೊನೆಗೆ ಉಳಿದದ್ದು ಜಗಳೂರು. ಕೆರೆಬಿಳಚಿಯ ಒಬ್ಬ ತಾಯಿ ಮಗಳಿಗೆ ಕೊಟ್ಟದ್ದು. ಚೀಟಿಯಲ್ಲಿ ಅಪ್ಪನ ಹೆಸರಿರಲಿಲ್ಲ, ತಾಯಿಯ ಹೆಸರಿತ್ತು. ಅದನ್ನು ಕೆತ್ತಿದ್ದು ನನಗೆ ನೆನಪಿತ್ತು. ಗಂಡ ಸತ್ತ ಹೆಂಗಸು, ತನ್ನ ಹೆಸರು ಹಾಕಿಸಬಹುದೋ ಬಾರದೋ ಎಂದು ಅಂಗಡಿಯಲ್ಲಿ ಅಳುಕುತ್ತ ನಿಂತಿದ್ದರು. ನಾನು ಚೀಟಿ ಕಿತ್ತುಕೊಂಡು, "ಕೊಟ್ಟೋರು ನೀವು ತಾನೆ, ಮತ್ಯಾರ ಹೆಸರು ಹಾಕ್ಲಿ," ಎಂದು ಗದರಿ ದಪ್ಪ ಅಕ್ಷರದಲ್ಲಿ ಬಡಿದಿದ್ದೆ.

ಜಗಳೂರಿನ ಆ ಮನೆ ಊರಿನ ಅಂಚಿನಲ್ಲಿತ್ತು. ಅಂಗಳದಲ್ಲಿ ಶೇಂಗಾ ಒಣಗಲು ಹಾಕಿದ್ದರು, ಪಕ್ಕದಲ್ಲಿ ಕುರಿ ಹಟ್ಟಿ. ಗಂಡ, ಅತ್ತೆ, ಆ ಹುಡುಗಿ, ಮೂರು ವರ್ಷದ ಒಂದು ಹೆಣ್ಣುಮಗು, ಇಷ್ಟೇ ಜನ. ಹೊನ್ನಾಳಿಯ ಸೌಟು ನೆನಪಿತ್ತಲ್ಲ, ಇಲ್ಲಿ ಮೊದಲೇ ಹೆದರಿಸಿಬಿಡೋಣ ಎಂದು ನ್ಯಾಮತಿಯ ಕತೆ ಶುರು ಮಾಡಿದೆ. ದೊಡ್ಡ ಗಂಟಲು ನನ್ನದು. ಪಂಪು ಹೊಡೆದದ್ದು, ತಳ ಬಿಟ್ಟದ್ದು, ಎಣ್ಣೆ ಎರಚಿದ್ದು, ಮನುಷ್ಯ ಉರಿಯುತ್ತ ಬೀದಿಗೆ ಓಡಿದ್ದು, ಎಲ್ಲವನ್ನೂ ಕೈ ಬೀಸಿ ಬೀಸಿ ಹೇಳಿದೆ. ಅತ್ತೆ ಶೇಂಗಾ ಕೆದಕುವುದನ್ನು ಬಿಟ್ಟು ಕೇಳಿದರು. ಗಂಡ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಗಂಡಸರಾದ್ರೆ ಪಂಚೆ ಕಿತ್ತೊಗೀತಾರೆ," ಎಂದ. "ಸೀರಿಗೆ ಹತ್ತಿಕೊಂಡ್ರೆ ಉಳೀತಾರೇನ್ರಿ?"

"ಎಲ್ಲಿ ಉಳೀತಾರೆ," ಎಂದೆ ನಾನು.

"ಕಂಪನಿಯವರೇ ಒಡೀತೈತೆ ಅಂತ ಬರ್ದಾರಾ?"

"ಬರ್ದಾರೆ, ನೋಡ್ರಿ ಬೇಕಾದ್ರೆ," ಎಂದು ಪತ್ರ ತೆಗೆದು ತೋರಿಸಿದೆ. ಅವನಿಗೆ ಓದಲು ಬರುತ್ತಿತ್ತು. ನಿಧಾನವಾಗಿ ಎಲ್ಲ ಓದಿ, ಮಡಚಿ, ಮರ್ಯಾದೆಯಿಂದ ವಾಪಸ್ ಕೊಟ್ಟ. ಎಷ್ಟು ತಿಳಿವಳಿಕಸ್ಥ ಎಂದು ನಾನು ಮೆಚ್ಚಿಕೊಂಡೆ.

ಹುಡುಗಿ ಒಳಗಿನಿಂದ ಸ್ಟವ್ ತಂದಳು. ಬೂದಿ ಹಚ್ಚಿ ತಿಕ್ಕಿ ಬಂಗಾರದಂತೆ ಇಟ್ಟುಕೊಂಡಿದ್ದಳು. ನಾನು ಹೊಸದರ ಮೇಲೆ ಹೆಸರು ಬಡಿಯುವಾಗ ಪಕ್ಕದಲ್ಲೇ ಕೂತು ಹಳೆಯದರ ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದಳು. ಅವಳ ಮುಂಗೈಯಲ್ಲಿ ಬಳೆ ಒಡೆದು ಚುಚ್ಚಿದ ಗಾಯಗಳು ಸಾಲಾಗಿದ್ದವು. ಕಂಡೆ, ಕಂಡೂ ಕೇಳಲಿಲ್ಲ. ಯಾರ ಮನೆಯ ಜಗಳವೋ ಏನೋ, ನಮಗೇಕೆ ಎಂದುಕೊಂಡೆ. ಬೀದಿಯಲ್ಲಿ ಕಂಡವರಿಗೆಲ್ಲ ಹೊಡೆಯುತ್ತಿದ್ದ ಶೂರ ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಅಕ್ಷರ ಬಡಿದೆ.

"ಅಣ್ಣಾ, ಹಳೇದನ್ನ ಏನ್ ಮಾಡ್ತೀರಿ?" ಎಂದಳು.

"ಸುತ್ತಿಗಿಲಿ ಜಜ್ಜಿ ಕಂಪನಿಗೆ ಲೆಕ್ಕ ಕೊಡ್ತೀವಿ."

"ನಮ್ಮವ್ವನ ಹೆಸರೈತೆ. ಜಜ್ಜಬ್ಯಾಡ್ರಿ. ನಮ್ಮವ್ವಗೆ ಕೊಟ್ಟುಬಿಡ್ರಿ, ಹಚ್ಚಾಕೆ ಅಲ್ಲ, ಸುಮ್ನೆ ಇಟ್ಕೊಳ್ಳಾಕೆ."

ಆಗಲಿ ಎಂದೆ. ಚನ್ನಗಿರಿಗೆ ಬಂದು ಅದನ್ನು ಗೋಣಿಯಲ್ಲಿ ಸುತ್ತಿ ಅಂಗಡಿಯ ಅಟ್ಟದ ಮೇಲಿಟ್ಟೆ. ಕಂಪನಿಗೆ ಉಳಿದೆಲ್ಲ ನಂಬರಿನ ತುಂಡು ಹೋದವು, ಒಂದು ಕಡಿಮೆ. ಕೆರೆಬಿಳಚಿಗೆ ಹೋಗಿ ಕೊಡಬೇಕು ಎಂದುಕೊಳ್ಳುತ್ತ ತಿಂಗಳ ಮೇಲಾಯಿತು.

ಒಂದು ಸೋಮವಾರ, ಅಂಗಡಿ ತೆರೆದು ಇನ್ನೂ ನೀರು ಚಿಮುಕಿಸುತ್ತಿದ್ದೆ. ಟ್ರ್ಯಾಕ್ಟರಿನಲ್ಲಿ ಕೆರೆಬಿಳಚಿಯ ಜನ ಬಂದಿಳಿದರು. ಮಾತಿಲ್ಲ ಕತೆಯಿಲ್ಲ, ಮೊದಲನೆಯ ಕಲ್ಲು ಗಾಜಿನ ಬೀರುವಿಗೆ ಬಿತ್ತು. ಎರಡನೆಯದು ಯಜಮಾನರ ಹಣೆಗೆ. ಒಳಗೆ ನುಗ್ಗಿ ಕೊಡ, ತಪ್ಪಲೆ, ಹಂಡೆಗಳನ್ನು ಬೀದಿಗೆ ಎಸೆದರು. ತಡೆಯಲು ಹೋದ ನನ್ನನ್ನು ನಾಲ್ಕು ಜನ ಹಿಡಿದು ಕಂಬಕ್ಕೆ ಒತ್ತಿ ಬಡಿದರು. ನಾನೂ ಒಬ್ಬನ ಮೂಗು ಒಡೆದೆ, ನನ್ನ ಎರಡು ಹಲ್ಲು ಹೋದವು. ಬಾಯಲ್ಲಿ ರಕ್ತ ತುಂಬಿಕೊಂಡು ಏನಾಯಿತು ಎಂದು ಕೇಳಿದರೆ ಒಬ್ಬ ನನ್ನ ಕುತ್ತಿಗೆ ಅಮುಕುತ್ತ ಹೇಳಿದ: "ನಿಮ್ಮ ಸ್ಟವ್ ಒಡೆದು ನಮ್ಮ ಹುಡುಗಿ ಸುಟ್ಟು ಕರಕಲಾಗಿ ದಾವಣಗೆರೆ ಆಸ್ಪತ್ರ್ಯಾಗೆ ಬಿದ್ದೈತಲ್ಲೋ. ಒಡೀತೈತೆ ಅಂತ ಗೊತ್ತಿದ್ದೂ ಮಾರ್ತೀರೇನೋ."

"ಯಾವೂರಿಗೆ ಕೊಟ್ಟ ಹುಡುಗಿ?" ಎಂದೆ.

"ಜಗಳೂರು."

ಅವರ ಕೈ ಕಿತ್ತುಕೊಂಡು ಅಟ್ಟಕ್ಕೆ ಏರಿದೆ. ಓಡಿಹೋಗುತ್ತಾನೆ ಎಂದು ಕಾಲು ಹಿಡಿದು ಎಳೆದರು. ಗೋಣಿ ಸಮೇತ ಕೆಳಗೆ ಬಿದ್ದೆ. ಗೋಣಿ ಬಿಚ್ಚಿ ಸ್ಟವ್ ನೆಲದ ಮೇಲೆ ನಿಲ್ಲಿಸಿದೆ. ಒಂದು ತಗ್ಗಿಲ್ಲ, ಗೀರಿಲ್ಲ, ಹಿತ್ತಾಳೆ ಇನ್ನೂ ಹೊಳೆಯುತ್ತಿತ್ತು. "ಒಡೆಯೋ ಸ್ಟವ್ ಇದು. ಇಲ್ಲೈತೆ. ತಿಂಗಳ ಹಿಂದೆಯೇ ತಂದೀನಿ. ಅಲ್ಲಿರೋದು ಹೊಸಾದು, ಬೇರೆ ನಂಬರಿಂದು."

ಬಾಗಿಲಲ್ಲಿ ನಿಂತಿದ್ದ ಹುಡುಗಿಯ ತಾಯಿ ಒಳಗೆ ಬಂದರು. ಅವರಿಗೆ ಓದಲು ಬರುತ್ತಿರಲಿಲ್ಲ, ಆದರೆ ತಮ್ಮ ಹೆಸರಿನ ಆಕಾರ ಗೊತ್ತಿತ್ತು. ಕೂತು ಅದನ್ನು ಮುಟ್ಟಿದರು. ನನ್ನನ್ನು ಹಿಡಿದಿದ್ದವರು ಕೈಬಿಟ್ಟರು. ಹಂಡೆಯೊಂದು ಬೀದಿಯಲ್ಲಿ ಇನ್ನೂ ಉರುಳುತ್ತಿದ್ದದ್ದು ಕೇಳಿಸಿತು.

"ಹಂಗಾದ್ರೆ ಅಲ್ಲಿ ಒಡೆದಿದ್ದು ಏನು, ತಮ್ಮ?" ಎಂದರು ನನ್ನನ್ನು ನೋಡಿ.

ಅವರೂ ನಾನೂ ಸಂತೇಬೆನ್ನೂರಿನ ಮೇಲೆ ಹೋಗುವ ಬಸ್ಸಿನಲ್ಲಿ ದಾವಣಗೆರೆಗೆ ಹೋದೆವು. ಸ್ಟವ್ ಅವರ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಒಂದೇ ವಿಷಯ ಹೇಳಿದರು. ಹುಡುಗಿಗೆ ಹೆಣ್ಣು ಹುಟ್ಟಿದ ಮೇಲೆ ಮತ್ತೆ ಬಸುರು ನಿಂತಿರಲಿಲ್ಲ, ಗಂಡನಿಗೆ ಇನ್ನೊಂದು ಮದುವೆಯ ಮಾತು ನಡೆದಿತ್ತು, ಇವಳು ಇರುವವರೆಗೆ ಆ ಹೆಣ್ಣಿನ ಕಡೆಯವರು ಒಪ್ಪುತ್ತಿರಲಿಲ್ಲ. ಜಗಳೂರಿನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತವನು ಏನು ಕೇಳಿದ, ನಾನು ಏನು ಹೇಳಿದೆ ಎಂಬುದನ್ನು ಆ ತಾಯಿಗೆ ಹೇಳಲು ಧೈರ್ಯ ಬರಲಿಲ್ಲ. ಸುಡುವುದು ಹೇಗೆ ಎಂದು ಅವನಿಗೆ ಪಾಠ ಹೇಳಿದವನು ನಾನು. ತಪ್ಪನ್ನು ಸ್ಟವ್ ಮೇಲೆ ಹೊರಿಸಿದರೆ ಎಲ್ಲರೂ ನಂಬುತ್ತಾರೆ ಎಂದು ಕಾಗದ ಸಮೇತ ತೋರಿಸಿದವನು ನಾನು.

ಆಸ್ಪತ್ರೆಯಲ್ಲಿ ನಾನು ವಾರ್ಡಿನ ಹೊರಗೇ ನಿಂತೆ. ತಾಯಿ ಒಳಗೆ ಹೋಗಿ ಬಹಳ ಹೊತ್ತಾದ ಮೇಲೆ ಬಂದು ಗೋಡೆಗೆ ಒರಗಿ ಕೂತರು. "ಸಾಹೇಬ್ರ ಮುಂದೆ ಸ್ಟವ್ ಒಡೀತು ಅಂತ ಹೇಳಿ ಹೆಬ್ಬೆಟ್ಟು ಒತ್ಯಾಳೆ," ಎಂದರು. "ಯಾಕವ್ವಾ ಅಂದೆ. ಮಗು ಅವರ ಮನ್ಯಾಗೈತೆ ಅವ್ವಾ ಅಂದ್ಲು. ಅಷ್ಟೇ ಅಂದ್ಲು."

ಅಲ್ಲಿಗೆ ಹುಡುಗಿಯ ಮಾತೇ ಅವಳಿಗೆ ವಿರುದ್ಧವಾಗಿತ್ತು. ಉಳಿದಿದ್ದದ್ದು ಜಗಳೂರಿನಲ್ಲಿದ್ದ ಆ ಹೊಸ ಸ್ಟವ್. ಅದು ಹೇಗೆ ಒಡೆದಿದೆ ಎಂದು ನೋಡಿದರೆ ನನಗೆ ತಿಳಿಯುತ್ತದೆ ಎಂದು ತಾಯಿಗೆ ಹೇಳಿದೆ. ಒಡೆದದ್ದನ್ನೂ ಕಂಡವನು, ಜಜ್ಜಿದ್ದನ್ನೂ ಕಂಡವನು ಆ ಸೀಮೆಯಲ್ಲಿ ನಾನೊಬ್ಬನೇ ಇದ್ದೆ. "ನಡಿ ತಮ್ಮ," ಎಂದರು.

ಮರುದಿನ ಬೆಳಿಗ್ಗೆ ಜಗಳೂರಿನ ಠಾಣೆಗೆ ಹೋದೆವು. ಇನ್ಸ್‌ಪೆಕ್ಟರು ಒಳ್ಳೆಯ ಮನುಷ್ಯ, ಇದನ್ನು ನಾನು ಬರೆಯಲೇಬೇಕು. ನನ್ನ ಊದಿದ ಮುಖ ನೋಡಿಯೂ ಕೂರಿಸಿ ಪೂರ್ತಿ ಕೇಳಿದರು. ಗಂಡನನ್ನು ಕರೆಸಿದರು. ಅವನು ಸ್ಟವ್ ತಂದು ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತ. ನಾನೇ ಒಂದು ತಿಂಗಳ ಹಿಂದೆ ಕೆತ್ತಿದ ಅಕ್ಷರ ಮಸಿ ಹಿಡಿದಿತ್ತು. ಟ್ಯಾಂಕು ತಿರುಗಿಸಿ ನೋಡಿದೆ. ತಳ ಒಳಕ್ಕೆ ಹೋಗಿತ್ತು. ಅಂಚು ಒಳಕ್ಕೆ ಮಡಚಿತ್ತು. ಹೊಟ್ಟೆಯ ಮೇಲೆ ಎರಡು ಕಡೆ ಚೌಕನೆಯ ತಗ್ಗು ಬಿದ್ದಿತ್ತು, ಕೊಡಲಿಯ ಹಿಂಬದಿಯಿಂದ ಹೊಡೆದರೆ ಬೀಳುತ್ತದಲ್ಲ, ಅಂಥದ್ದು. ಹಿಂದೆ ಯಾವತ್ತೂ ಇಷ್ಟು ಸಮಾಧಾನದಿಂದ ಮಾತಾಡಿದವನಲ್ಲ ನಾನು, ಅವತ್ತು ಒಂದೊಂದನ್ನೇ ಬೆರಳಿಟ್ಟು ತೋರಿಸಿದೆ. ಒಡೆದರೆ ಹೊರಕ್ಕೆ ಬರುತ್ತದೆ ಸರ್, ನ್ಯಾಮತಿಯ ಟ್ಯಾಂಕು ಅಂಗಡಿಯಲ್ಲಿದೆ, ತರಿಸಿ ಪಕ್ಕದಲ್ಲಿಟ್ಟು ನೋಡಿ, ಇದು ಒಡೆದದ್ದಲ್ಲ, ಒಡೆದ ಹಾಗೆ ಕಾಣಲಿ ಎಂದು ಹೊರಗಿನಿಂದ ಬಡಿದದ್ದು ಎಂದೆ.

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬೆರಳಿನಿಂದ ತಗ್ಗನ್ನು ಸವರಿದರು. "ಹೌದಲ್ರೀ," ಎಂದರು. "ತಡೀರಿ, ಹೆಂಗೈತೋ ಹಂಗೇ ಪಂಚನಾಮೆ ಬರೀತೀನಿ, ಆಮ್ಯಾಲೆ ಯಾರೂ ಮುಟ್ಟಂಗಿಲ್ಲ." ಕಾಗದಕ್ಕೆಂದು ಬೀರು ಕಡೆ ತಿರುಗಿದರು. ತಾಯಿ ಬಾಗಿಲ ಬಳಿ ಕೂತವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು.

ಆಗ ಗಂಡ ಬಾಯಿ ತೆರೆದ. ಸಿಟ್ಟಿಲ್ಲ, ಹೆದರಿಕೆಯಿಲ್ಲ, ಅವತ್ತಿನ ಅದೇ ಮರ್ಯಾದೆ.

"ನೀವೇ ಹೇಳಿದ್ರಲ್ರೀ ನಮ್ಮ ಅಂಗಳದಾಗೆ ಕುಂತು, ಸೀರಿಗೆ ಹತ್ತಿದ್ರೆ ಉಳಿಯಲ್ಲ ಅಂತ. ನೀವು ಹೇಳ್ದಂಗೇ ಆತು ನೋಡ್ರಿ."

ತಾಯಿ ನನ್ನ ಮುಖ ನೋಡಿದರು. ಅಷ್ಟೇ ನನಗೆ ನೆನಪಿರುವುದು. ಕೈಗೆ ಸಿಕ್ಕದ್ದನ್ನು ಎತ್ತಿ ಅವನ ಮೇಲೆ ಬಿದ್ದೆ. ಮೊದಲ ಪೆಟ್ಟು ಅವನ ಭುಜಕ್ಕೆ, ಎರಡನೆಯದು ಕಿವಿಯ ಮೇಲೆ. ಕಿವಿ ಹರಿಯಿತು. ಅವನು ಬಗ್ಗಿದ, ಮೂರನೆಯದು ಕಬ್ಬಿಣದ ಮೇಜಿನ ಮೂಲೆಗೆ ಬಿತ್ತು, ನಾಲ್ಕನೆಯದು ಕಲ್ಲಿನ ನೆಲಕ್ಕೆ. ಅವನ ಮುಖ ಸಿಕ್ಕೀತೆಂದು ಹೊಡೆಯುತ್ತಲೇ ಇದ್ದೆ. ಇಬ್ಬರು ಪೇದೆಗಳು ಲಾಠಿಯಿಂದ ನನ್ನ ಮೊಣಕೈಗೆ ಹೊಡೆದ ಮೇಲೆ ಕೈಯಲ್ಲಿದ್ದದ್ದು ಬಿತ್ತು. ಅದು ಆ ಸ್ಟವ್. ತಳ ಪೂರ್ತಿ ಕಳಚಿ ಗೋಡೆಯ ಬಳಿ ಹೋಗಿ ಬಿದ್ದಿತ್ತು. ಟ್ಯಾಂಕು ಎಲ್ಲ ಕಡೆಯಿಂದ ತಗ್ಗಾಗಿತ್ತು.

ಇನ್ಸ್‌ಪೆಕ್ಟರು ಕೈಯಲ್ಲಿ ಖಾಲಿ ಕಾಗದ ಹಿಡಿದುಕೊಂಡೇ ಅದನ್ನು ಎತ್ತಿಕೊಂಡರು. ಬಹಳ ಹೊತ್ತು ತಿರುಗಿಸಿ ನೋಡಿದರು.

"ಈಗ ಹೇಳ್ರಿ," ಎಂದರು. "ಇದರಾಗೆ ಅವನ ಪೆಟ್ಟು ಯಾವುದು, ನಿಮ್ಮ ಪೆಟ್ಟು ಯಾವುದು?"

ನನ್ನನ್ನು ಎರಡು ದಿನ ಒಳಗಿಟ್ಟರು. ನಾನು ಒಳಗಿದ್ದಾಗಲೇ ಹುಡುಗಿ ಸತ್ತಳು. ಅವಳೇ ಹೇಳಿದ ಮಾತು ಕಾಗದದಲ್ಲಿ ಉಳಿಯಿತು, ಆಕಸ್ಮಿಕ ಎಂದಾಯಿತು. ಬಿಡುವಾಗ ಇನ್ಸ್‌ಪೆಕ್ಟರು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನೊಂದು ಹತ್ತು ನಿಮಿಷ ಕೈ ಕಟ್ಟಿಕೊಂಡು ನಿಂತಿದ್ರೆ ಸಾಕಾಗಿತ್ತು," ಎಂದರು. ಆ ಹತ್ತು ನಿಮಿಷ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈ ಕಟ್ಟಿ ನಿಂತಿದ್ದೇನೆಂದು ಹೇಳಲಾರೆ. ಆಮೇಲೆ ಯಾರ ಮೇಲೂ ಕೈ ಮಾಡಿಲ್ಲ. ಒಳ್ಳೆಯವನಾದೆನೆಂದಲ್ಲ. ಕೈ ಎತ್ತಿದರೆ ಹಿತ್ತಾಳೆಯ ಭಾರ ಅದರಲ್ಲಿ ಇರುತ್ತದೆ.

ಅವನು ವರ್ಷದೊಳಗೆ ಮದುವೆಯಾದ. ಬಂದವಳಿಗೆ ಮೊದಲ ಹೆಂಡತಿಯ ಮಗು ಬೇಡವಾಗಿ ಅದನ್ನು ಕೆರೆಬಿಳಚಿಗೆ ತಂದುಬಿಟ್ಟರು. ಯಾವ ಮಗುವಿಗಾಗಿ ಆ ಹುಡುಗಿ ಸುಳ್ಳು ಹೇಳಿದಳೋ ಆ ಮಗುವನ್ನು ಬಸ್ಸಿನಲ್ಲಿ ಕೂರಿಸಿ ಕಳಿಸಿದರು.

ಕಂಪನಿಯವರು ಬಿಡಲಿಲ್ಲ. ಒಂದು ನಂಬರು ಬಾಕಿ ಇದೆ, ಕೂಡಲೇ ಕಳಿಸಿ ಎಂದು ಪತ್ರದ ಮೇಲೆ ಪತ್ರ ಬಂತು. ಯಜಮಾನರು ಹಣೆಯ ಗಾಯದ ಕಲೆ ಉಜ್ಜಿಕೊಳ್ಳುತ್ತ, "ಹೋಗಿ ಬಾರಪ್ಪ, ಆ ತಾಯಿಗೂ ಒಂದು ಹೊಸಾದು ಕೊಟ್ಟು ಬಾ, ಹೆಸರು ಹಾಕಿ ಕೊಡು," ಎಂದರು. ನಾನು ಉಳಿ, ಸುತ್ತಿಗೆ, ಗೋಣಿಚೀಲ ಹಿಡಿದು ಹೋದೆ. ಆ ವೇಳೆಗೆ ಎಂಬತ್ತರ ದಶಕ ಶುರುವಾಗಿತ್ತು.

ಕೆರೆಬಿಳಚಿಯಲ್ಲಿ ಮಗು ಪಕ್ಕದ ಮನೆಯವರ ಜಗುಲಿಯ ಮೇಲೆ ಮಂಡಕ್ಕಿ ತಿನ್ನುತ್ತ ಕೂತಿತ್ತು. ಅಜ್ಜಿ ಎಲ್ಲಿ ಎಂದು ಕೇಳಿದೆ. "ಸ್ಟವ್ ಹಚ್ತೈತೆ," ಎಂದಿತು. "ಹಚ್ಚುವಾಗ ನಾನು ಒಳಗೆ ಹೋಗಂಗಿಲ್ಲ."

ಒಳಗೆ ಓಡಿದೆ. ಅಡುಗೆಮನೆಯಲ್ಲಿ ಆ ತಾಯಿ ಸ್ಟವ್ ಎದುರಿಗೆ ಕೂತಿದ್ದರು. ಮಗಳ ಸ್ಟವ್, ಅದೇ ನಂಬರಿನದು. ಹಿತ್ತಾಳೆ ತಿಕ್ಕಿ ಹೊಳೆಯುತ್ತಿತ್ತು. ಮೇಲೆ ಎಸರು ಇಟ್ಟಿದ್ದರು. ಇಟ್ಟುಕೊಳ್ಳಲಿಕ್ಕೆ ಕೊಟ್ಟದ್ದು, ಹಚ್ಚಲಿಕ್ಕಲ್ಲ ಎಂದು ನಾನು ಆಸ್ಪತ್ರೆಯಲ್ಲೇ ಹೇಳಿದ್ದೆ.

"ಅವ್ವಾ, ದೂರ ಬನ್ರಿ. ಅದು ಒಡೆಯೋ ಜಾತಿದು. ಹೊಸಾದು ತಂದೀನಿ, ನಿಮ್ಮ ಹೆಸರು ಹಾಕಿಕೊಡ್ತೀನಿ."

ಅವರು ಏಳಲಿಲ್ಲ. "ದಿನಾ ಹಚ್ತೀನಿ, ತಮ್ಮ," ಎಂದರು. "ಕೂಸನ್ನ ಪಕ್ಕದ ಮನಿಗೆ ಕಳಿಸಿ ಹಚ್ತೀನಿ. ಸ್ಟವ್ ಒಡೆದ್ರೆ ಹೆಂಗಿರ್ತೈತೆ ಅಂತ ನಾನೂ ನೋಡಬೇಕಲ್ಲ. ನನ್ನ ಮಗಳು ಹಂಗೇ ಸತ್ಲು ಅಂತ ಕಾಗದದಾಗೆ ಬರೆದಾರಲ್ಲ."

ನಾನು ಬಾಗಿಲಲ್ಲೇ ಕುಸಿದು ಕೂತೆ. ಅಂಗಳದಲ್ಲಿ ಅವನಿಗೆ ಹೇಳಿದ್ದನ್ನು, ಬಸ್ಸಿನಲ್ಲಿ ಇವರಿಗೆ ಹೇಳದೆ ಇದ್ದದ್ದನ್ನು, ಠಾಣೆಯಲ್ಲಿ ಮಾಡಿದ್ದನ್ನು ಎಲ್ಲ ಹೇಳಿ ತಪ್ಪಾಯಿತು ಎಂದೆ. ಅಳು ಬಂತು, ಅತ್ತುಬಿಟ್ಟೆ. ಉರಿ ಸಣ್ಣಗಾಗುವುದನ್ನು ನೋಡುತ್ತಿದ್ದವರು ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಬಾ ಇಲ್ಲಿ. ಪಂಪು ಹೊಡಿ," ಎಂದರು. "ನಿನ್ನ ಕೈ ಗಟ್ಟಿ ಐತಲ್ಲ."

ಹೋಗಿ ಅವರ ಪಕ್ಕದಲ್ಲಿ ಕೂತೆ. ನ್ಯಾಮತಿಯವರ ಮುಖ ಕಣ್ಣೆದುರಿಗೆ ಬಂತು. ಪಂಪಿಗೆ ಕೈ ಹಾಕಿದೆ. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಕಣ್ಣು ಮುಚ್ಚಿಕೊಂಡೆ, ಅವರು ಮುಚ್ಚಲಿಲ್ಲ. ಇನ್ನೂ ಹೊಡಿ ಎಂದರು. ಹೊಡೆದೆ. ಹತ್ತಾಯಿತು, ಹದಿನೈದಾಯಿತು, ನೀಲಿ ಉರಿ ಪಾತ್ರೆಯ ತಳ ತುಂಬಿ ಹರಡಿತು. ಎಸರು ಕುದಿಯಿತು. ಸ್ಟವ್ ಒಡೆಯಲಿಲ್ಲ.